ಬೀಗದ ಕೈ ಕೇಳಿದ ದಿನ

ಒಂದು ಕಟ್ಟಡದ ದುರಸ್ತಿಗೆ ಸಾಲುವಷ್ಟು ಅನುದಾನ ಬಂದಿದೆ, ಅರ್ಜಿ ಮಾತ್ರ ಮೂರು ಬಂದಿವೆ ಎಂದು ಪಿಡಿಒ ಹೇಳಿದಾಗ ನಾನು ಮಂಡಕ್ಕಿ ಡಬ್ಬಿಯ ಮುಚ್ಚಳದ ಜೊತೆ ಗುದ್ದಾಡುತ್ತಿದ್ದೆ. ಪಂಚಾಯಿತಿ ಸಭೆಗೆ ಮಂಡಕ್ಕಿ ಒಯ್ಯುವುದು ನನ್ನ ಪದ್ಧತಿ. ಹೊಟ್ಟೆಗೆ ಏನಾದರೂ ಬಿದ್ದರೆ ಜನ ಬೇಗ ಸಹಿ ಹಾಕುತ್ತಾರೆ.

ನಮ್ಮೂರು ಚನ್ನಗಿರಿ ತಾಲ್ಲೂಕಿನದು. ಬೆಳಿಗ್ಗೆ ಸಂತೇಬೆನ್ನೂರಿನ ಸಂತೆಗೆ ಹೋದವರು ಮಧ್ಯಾಹ್ನದ ಸಾರಿಗೆ ಸೊಪ್ಪು ತಂದುಬಿಡಬಹುದು, ಅಷ್ಟೇ ದೂರ. ಹೆಸರು ಬೇಡ. ನಮ್ಮೂರಿನವರು ಪುಸ್ತಕ ಓದದಿದ್ದರೂ ತಮ್ಮ ಹೆಸರು ಎಲ್ಲಿದ್ದರೂ ಹುಡುಕಿ ಓದುತ್ತಾರೆ. ನಾನು ಹುಟ್ಟಿದ್ದು ಜಗಳೂರಿನ ಕಡೆ, ಸೊಕ್ಕೆಯ ಹತ್ತಿರ. ಇಲ್ಲಿಗೆ ಸೊಸೆಯಾಗಿ ಬಂದವಳು. ಮಹಿಳಾ ಮೀಸಲಾತಿ ಬಂದಾಗ ನಮ್ಮ ಯಜಮಾನರು ಚುನಾವಣೆಗೆ ನಿಲ್ಲು ಎಂದರು, ನಿಂತೆ. ಗೆದ್ದ ಮೇಲೆ ಮನೆಯಲ್ಲಿ ಕೂರು ಎಂದರು. ಅದೊಂದನ್ನು ಕೇಳಲಿಲ್ಲ.

ಯಾವ ಕಟ್ಟಡಕ್ಕೆ ಕೊಡಬೇಕು ಎಂದು ನೋಡಲು ಮೂವರ ಸಮಿತಿ ಮಾಡಿದರು. ಒಬ್ಬರು ಪಿಡಿಒ, ದಿನಾ ಹೊನ್ನಾಳಿಯಿಂದ ಬಸ್ಸಿನಲ್ಲಿ ಬರುವ ಮೆತ್ತನೆಯ ಮನುಷ್ಯ. ಇನ್ನೊಬ್ಬರು ನಿವೃತ್ತ ಡ್ರಿಲ್ ಮೇಷ್ಟ್ರು, ನ್ಯಾಮತಿಯವರು. ಇಲ್ಲಿ ಮೂವತ್ತು ವರ್ಷ ಪೀಪಿ ಊದಿ ಇಲ್ಲೇ ಮನೆ ಕಟ್ಟಿಸಿಕೊಂಡವರು. ಮೂರನೆಯವಳು ನಾನು, ಯಾಕೆಂದರೆ ಮಂಡಕ್ಕಿ ನನ್ನದು.

ಮೇಲಿನ ಕಚೇರಿಯಿಂದ ಬಂದ ಹಾಳೆಯಲ್ಲಿ ‘ಸಾರ್ವಜನಿಕ ಬಳಕೆಯಲ್ಲಿರುವ ಕಟ್ಟಡಕ್ಕೆ ಆದ್ಯತೆ’ ಎಂದಷ್ಟೇ ಇತ್ತು. ಬಳಕೆಯಲ್ಲಿದೆ ಎಂದು ತಿಳಿಯುವುದು ಹೇಗೆಂದು ಬರೆದಿರಲಿಲ್ಲ.

ಅರ್ಜಿ ಹಾಕಿದ ಮೂರರಲ್ಲಿ ಮೊದಲನೆಯದು ನಮ್ಮ ಜನರ ಸಮುದಾಯ ಭವನ. ಊರಿನ ನಡುವೆ, ದೊಡ್ಡ ಕಮಾನು, ಕಿಟಕಿಗಿಂತ ಅಗಲವಾದ ದಾನಿಗಳ ಕಲ್ಲು. ಒಳಗಿನ ಪ್ರತಿ ಫ್ಯಾನಿನ ಮೂರು ರೆಕ್ಕೆಗೂ ಕೊಟ್ಟವರ ಹೆಸರು ಬರೆಸಿದ್ದಾರೆ. ಫ್ಯಾನು ತಿರುಗಿದರೆ ಹೆಸರು ಕಾಣುವುದಿಲ್ಲ. ಹಾಗಾಗಿ ದಾನಿಗಳ ಮನೆಯವರು ಬಂದಾಗ ಫ್ಯಾನು ಹಾಕದೆ ಎಲ್ಲರೂ ಟವೆಲ್ಲಿನಲ್ಲಿ ಗಾಳಿ ಬೀಸಿಕೊಳ್ಳುತ್ತೇವೆ. ಊಟದ ಹಾಲಿಗೆ ಟೈಲ್ಸ್ ಬೇಕೆಂದು ಅರ್ಜಿ. ಭವನದ ಖಜಾಂಚಿ ನಮ್ಮ ಯಜಮಾನರು.

ಎರಡನೆಯದು ಯುವಕ ಮಂಡಳಿಯ ಕಟ್ಟಡ. ಮಂಡಳಿಯ ಯುವಕರಲ್ಲಿ ಇಬ್ಬರಿಗೆ ಮೊಮ್ಮಕ್ಕಳಿದ್ದಾರೆ. ಅವರಿಗೆ ಬಣ್ಣ ಬೇಕಿತ್ತು.

ಮೂರನೆಯದು ಕಾಲೋನಿಯದು. ಕಾಲೋನಿ ಎಂದರೆ ಯಾವ ಜನ ಇರುವುದೆಂದು ನಮ್ಮ ಕಡೆ ಯಾರೂ ಬಿಡಿಸಿ ಹೇಳುವುದಿಲ್ಲ. ಹೇಳದೆಯೇ ಎಲ್ಲರಿಗೂ ಗೊತ್ತು. ಆ ಕಟ್ಟಡದ ಅರ್ಧ ತಗಡು ಹೋದ ಮಳೆಗಾಲದ ಗಾಳಿಗೆ ಹಾರಿ ಯಾರದೋ ಮೆಕ್ಕೆಜೋಳದ ಹೊಲ ಸೇರಿತ್ತು. ಅರ್ಜಿ ಬರೆಸಿದವಳು ಅಲ್ಲಿನ ಸ್ತ್ರೀಶಕ್ತಿ ಸಂಘದ ಅಧ್ಯಕ್ಷೆ. ದಿನಾ ಬೆಳಿಗ್ಗೆ ಹಾಲಿನ ಡೇರಿಯಲ್ಲಿ ನನ್ನ ಹಿಂದೆಯೋ ಮುಂದೆಯೋ ಕ್ಯಾನು ಹಿಡಿದು ನಿಲ್ಲುತ್ತಿದ್ದಳು. ಅವಳ ಮಗಳ ಮದುವೆ ಮುಂದಿನ ತಿಂಗಳಿತ್ತು. ಅರ್ಧ ಸೂರಿನ ಕೆಳಗೆ ಮಳೆಯಲ್ಲಿ ಧಾರೆ ಎರೆಯುವುದು ಹೇಗೆ ಎನ್ನುವುದೇ ಅವಳ ಚಿಂತೆ. ನಮ್ಮ ಭವನವನ್ನು ಬಾಡಿಗೆಗೆ ಕೊಡಿ ಎಂದು ಆಗಲೇ ಎರಡು ಸಲ ನಮ್ಮ ಮನೆಗೆ ಬಂದಿದ್ದಳು. ಎರಡು ಸಲವೂ ನಮ್ಮತ್ತೆ ಜಗಲಿಯಿಂದಲೇ, ಬೀಗದ ಕೈ ಮಗನ ಹತ್ತಿರ ಇದೆ, ಮಗ ಊರಲ್ಲಿಲ್ಲ ಎಂದು ಕಳಿಸಿದ್ದರು. ಎರಡು ಸಲವೂ ನಾನು ಒಳಗೆ ರೊಟ್ಟಿ ತಟ್ಟುತ್ತಿದ್ದೆ. ಬೀಗದ ಕೈ ನನ್ನ ತಲೆಯ ಮೇಲೆ, ಹಿಟ್ಟಿನ ಡಬ್ಬಿಯ ಪಕ್ಕದ ಮೊಳೆಯಲ್ಲೇ ಇತ್ತು. ರೊಟ್ಟಿ ಸೀಯುತ್ತದೆ ಎಂಬ ನೆಪದಲ್ಲಿ ಸುಮ್ಮನಿದ್ದೆ.

ಇಷ್ಟಾಗಿಯೂ ಬೀಗದ ಕೈಯ ಷರತ್ತು ಹಾಕಿದವಳು ನಾನೇ.

ಸಭೆಯಲ್ಲಿ ಮೇಷ್ಟ್ರು, “ಕರೆಂಟ್ ಬಿಲ್ ನೋಡಾನ, ಉರಿಸಿದ್ರೆ ಬಳಸ್ಯಾರೆ ಅಂತ ಅರ್ಥ” ಎಂದರು.

“ಕಾಲೋನಿದಕ್ಕೆ ಕರೆಂಟೇ ಇಲ್ಲ ಸಾರ್” ಎಂದರು ಪಿಡಿಒ.

“ಹಂಗಾರೆ ಫೋಟೊ ಕೇಳ್ರಿ.”

“ಫೋಟೊದಾಗೆ ಏನೈತೆ, ನಾಕು ಜನನ್ನ ಕರ್ದು ಕುಂದ್ರಿಸಿದ್ರೆ ಆತು” ಎಂದು ನಾನು ಬಾಯಿ ಹಾಕಿದೆ. “ಹೇಳದೆ ಕೇಳದೆ ಹೋಗಾನ. ಊರಿನ ಯಾರೇ ಆಗ್ಲಿ ಬೀಗದ ಕೈ ಕೇಳ್ಲಿ. ಹತ್ತು ನಿಮಿಷದಾಗೆ ಸಿಕ್ರೆ ಸಾರ್ವಜನಿಕ, ಸಿಗದಿದ್ರೆ ಖಾಸಗಿ.”

ಮೇಷ್ಟ್ರು ಮಂಡಕ್ಕಿ ಅಗಿಯುವುದನ್ನು ನಿಲ್ಲಿಸಿ, “ಮೆಂಬ್ರು ತಲಿ ಓಡಿಸ್ಯಾರೆ” ಎಂದರು. ನನಗೆ ಹೆಮ್ಮೆಯಾಯಿತು. ಆಗ ನನ್ನ ತಲೆಯಲ್ಲಿದ್ದದ್ದು ಯುವಕ ಮಂಡಳಿ ಮಾತ್ರ. ಅವರ ಬಾಗಿಲು ತೆರೆದದ್ದನ್ನು ಯಾರೂ ನೋಡಿರಲಿಲ್ಲ. ನಮ್ಮ ಮನೆಯ ಮೊಳೆ ನೆನಪಾಗಲೇ ಇಲ್ಲ. ನಮ್ಮ ಭವನವನ್ನು ಮೊದಲಿನಿಂದಲೂ ಸಾರ್ವಜನಿಕ ಎಂದೇ ಕರೆಯುತ್ತಿದ್ದೆವು. ಕಮಾನಿನ ಮೇಲೂ ಹಾಗೇ ಬರೆದಿದೆ.

ಎರಡು ದಿನ ಬಿಟ್ಟು, ಡೇರಿಯ ಕೆಲಸ ಮುಗಿದ ಹೊತ್ತಿಗೆ ಮೂವರೂ ಹೊರಟೆವು. ಯುವಕ ಮಂಡಳಿಯ ಬೀಗದ ಕೈ ಕೇಳಲು ದಾರಿಯಲ್ಲಿ ಸಿಕ್ಕ ಸೊಪ್ಪಿನವಳನ್ನು ಕಳಿಸಿದೆವು. ಎರಡೇ ನಿಮಿಷದಲ್ಲಿ ಮಂಡಳಿಯ ಅಧ್ಯಕ್ಷರು ಪಂಚೆ ಎತ್ತಿ ಕಟ್ಟಿಕೊಂಡು ತಾವೇ ಓಡಿ ಬಂದರು. ನನ್ನ ಷರತ್ತಿಗೆ ಮೊದಲ ಏಟು ಬಿತ್ತು. ಅವರು ಬೀಗ ತೆಗೆದು ಬಾಗಿಲು ದೂಡಿದರು. ಅದು ಒಂದು ಗೇಣು ಸರಿದು ನಿಂತಿತು. ಒಳಗೆ ಬಾಗಿಲಿಗೆ ಒತ್ತಿ ಸೂರಿನವರೆಗೂ ಮೆಕ್ಕೆಜೋಳದ ಚೀಲಗಳು. ಮೇಷ್ಟ್ರು ಸಂದಿಯಲ್ಲಿ ಕೈ ತೂರಿಸಿ ಒಂದು ಚೀಲದ ಕಿವಿ ಹಿಡಿದು ಕುಲುಕಿ, “ನಮಸ್ಕಾರ, ಯುವಕರು ಒಳಗೇ ಅದಾರೆ” ಎಂದರು.

“ರೇಟು ಬರ್ಲಿ ಅಂತ ಇಟ್ಟೀವ್ರಿ, ರೇಟು ಬಂದ ದಿನ ಖಾಲಿ ಮಾಡ್ತೀವಿ” ಎಂದರು ಅಧ್ಯಕ್ಷರು, ಬಸ್ಸು ಬರುತ್ತದೆ ಎನ್ನುವಷ್ಟು ಸಲೀಸಾಗಿ.

ಪಿಡಿಒ ‘ಒಳಗೆ ಹೋಗಲು ಆಗಲಿಲ್ಲ’ ಎಂದು ಬರೆದುಕೊಂಡರು.

ಕಾಲೋನಿಯ ಕಟ್ಟಡಕ್ಕೆ ಬೀಗವೇ ಇರಲಿಲ್ಲ. ಚಿಲಕಕ್ಕೆ ಒಂದು ಸೀರೆ ಅಂಚಿನ ತುಂಡು ಕಟ್ಟಿದ್ದರು, ನಾಯಿ ನುಗ್ಗದಿರಲೆಂದು. ತಗಡು ಉಳಿದಿದ್ದ ಅರ್ಧದಲ್ಲಿ ಐದಾರು ಹೆಂಗಸರು ಶೇಂಗಾ ಸುಲಿಯುತ್ತಿದ್ದರು. ಗೋಡೆಯಲ್ಲಿ ಪೋಲಿಯೋ ಹನಿಯ ಹಳೆಯ ಪೋಸ್ಟರು, ಸಂಘದವರ ಹಾಜರಿ ಬರೆದ ಕಪ್ಪು ಹಲಗೆ, ಮೂಲೆಯಲ್ಲಿ ಯಾವುದೋ ತಿಥಿಯೂಟದ ಒಲೆಕಲ್ಲು, ಮಸಿ. ತಗಡಿಲ್ಲದ ಅರ್ಧದಲ್ಲಿ ನೆಲ ಹಸಿರು ಪಾಚಿಗಟ್ಟಿತ್ತು.

ಪಿಡಿಒ ನನ್ನ ಷರತ್ತಿಗೆಂದು ತಾವೇ ಗೆರೆ ಎಳೆದು ತಂದಿದ್ದ ನಮೂನೆ ಹಿಡಿದು ನಿಂತರು. “ಬೀಗದ ಕೈ ಯಾರ ಬಳಿ ಇದೆ ಅಂತ ಕಾಲಂ ಐತಲ್ಲ ಮೇಡಂ. ಏನ್ ತುಂಬ್ಲಿ? ಖಾಲಿ ಬಿಟ್ರೆ ಅನರ್ಹ ಆಗ್ತೈತೆ.”

“ಬೀಗನೇ ಇಲ್ಲ ಅಂದ್ಮೇಲೆ ಸೊನ್ನೆ ನಿಮಿಷ ಅಂತ ಹಾಕ್ರಿ” ಎಂದರು ಮೇಷ್ಟ್ರು. “ಮೂರು ಊರಾಗೆ ಹುಡುಕಿದ್ರೂ ಇಷ್ಟು ಜಲ್ದಿ ತೆಗಿಯೋ ಬಾಗ್ಲು ಸಿಗಲ್ಲ.”

ಸಂಘದ ಅಧ್ಯಕ್ಷೆ ಶೇಂಗಾದ ಸಿಪ್ಪೆ ಕೊಡವಿಕೊಂಡು ಎದ್ದು ಬಂದಳು. “ಬರೀ ತಗಡು ಸಾಕ್ರಿ ಸಾರ್. ಮದ್ವೆ ಅಷ್ಟೊತ್ತಿಗೆ ಬರ್ತಾವಾ?”

ಮಂಜೂರಾದರೂ ಎಸ್ಟಿಮೇಟು, ಟೆಂಡರು ಎಂದು ಮೂರು ತಿಂಗಳಾದರೂ ಬೇಕೆಂದು ಪಿಡಿಒ ಮೆತ್ತಗೆ ಹೇಳಿದರು. ಅವಳು ಮೇಲೆ, ತಗಡಿಲ್ಲದ ಕಡೆ ನೋಡಿದಳು. ಮೋಡ ಕವಿದಿತ್ತು.

ಉಳಿದದ್ದು ನಮ್ಮ ಭವನ. ಬೀಗದ ಕೈ ಕೇಳಲು ಯಾರನ್ನು ಕಳಿಸುವುದು ಎಂದು ಮೇಷ್ಟ್ರು ಸುತ್ತ ನೋಡಿದರು. ನೋಡಿ ಅವಳಿಗೇ ಹೇಳಿದರು, “ನೀನೇ ಬಾರವ್ವ. ಊರಿನವಳಲ್ಲವಾ.”

“ನಾನಾ?” ಎಂದಳು. “ನಾನು ಎಲ್ಡು ಸಲ ಕೇಳೀನ್ರಿ.” ಮೇಷ್ಟ್ರಿಗೆ ಹೇಳಿದಳು, ನೋಡಿದ್ದು ನನ್ನನ್ನು. ನಾನು ಚಪ್ಪಲಿಯ ಉಂಗುಷ್ಠ ಸರಿ ಮಾಡಿಕೊಂಡೆ. ಆಗ ಮೊಳೆ ನೆನಪಾಯಿತು.

ನಮ್ಮ ಮನೆಯ ಪಕ್ಕ ಹಿಟ್ಟಿನ ಗಿರಣಿ. ಕರೆಂಟು ಇಲ್ಲದೆ ಅದು ಸುಮ್ಮನಿತ್ತು; ಇದ್ದಿದ್ದರೆ ಏನೂ ಕೇಳಿಸುತ್ತಿರಲಿಲ್ಲ. ನಾವು ಮೂವರೂ ಗಿರಣಿಯ ಮರೆಯಲ್ಲಿ ನಿಂತೆವು. ನನ್ನ ಮನೆಯನ್ನೇ ನಾನು ಕದ್ದು ನೋಡುತ್ತಿದ್ದೆ. ಅತ್ತೆ ಜಗಲಿಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದರು.

“ಅವ್ವಾರೆ, ಭವನದ ಬೀಗದ ಕೈ ಬೇಕಾಗಿತ್ರಿ” ಎಂದಳು ಅವಳು, ಅಂಗಳದ ಆಚೆಯೇ ನಿಂತು.

ಅತ್ತೆ ತಲೆ ಎತ್ತಲಿಲ್ಲ. “ಎಷ್ಟು ಸಲ ಹೇಳಾದವ್ವ ನಿಂಗೆ. ಬೀಗದ ಕೈ ನನ್ ಮಗನತ್ರ ಐತೆ. ಅವ್ನು ಹೊನ್ನಾಳಿಗೆ ಹೋಗ್ಯಾನೆ, ಸಂಜೀಕೆ ಬರ್ತಾನೆ.”

ಅಷ್ಟರಲ್ಲಿ ಹೊನ್ನಾಳಿಗೆ ಹೋಗಿದ್ದ ಮಗ ಮುಖಕ್ಕೆ ಸೋಪು ಹಚ್ಚಿಕೊಂಡು, ಕೈಯಲ್ಲಿ ರೇಜರ್ ಹಿಡಿದು ಬಾಗಿಲಿಗೆ ಬಂದು, “ಯಾರವ್ವ ಅದು?” ಎಂದರು.

ಅತ್ತೆ ಒಂದು ಬೆಳ್ಳುಳ್ಳಿ ಎಸಳನ್ನು ನಿಧಾನವಾಗಿ ಸುಲಿದು ಮುಗಿಸಿದರು. “ನೀನು ಹೊನ್ನಾಳಿಗೆ ಹೋಗಿಲ್ವೇನೋ?” ಎಂದರು. ಅವರ ದನಿಯಲ್ಲಿ ನಿಜವಾದ ಬೇಸರವಿತ್ತು, ಹೋಗಬೇಕಾದವನು ಹೋಗದೆ ಉಳಿದನಲ್ಲ ಎಂದು.

ಮೇಷ್ಟ್ರಿಗೆ ನಗು ತಡೆಯಲಾಗಲಿಲ್ಲ. ಆ ಸದ್ದಿಗೆ ಯಜಮಾನರು ತಿರುಗಿದರು. ಮೇಷ್ಟ್ರು, ಫೈಲು ಹಿಡಿದ ಪಿಡಿಒ, ಕೊನೆಗೆ ನಾನು, ಒಬ್ಬೊಬ್ಬರಾಗಿ ಕಂಡೆವು. ಒಳಗೆ ಹೋಗಿ ಬೀಗದ ಕೈ ತರಲು ಅರ್ಧ ನಿಮಿಷವೂ ಹಿಡಿಯಲಿಲ್ಲ. ಅವಳನ್ನು ದಾಟಿ ಬಂದು ಪಿಡಿಒ ಎದುರು ಹಿಡಿದರು. “ತಗಳ್ರಿ ಸಾರ್. ಯಾವಾಗ್ಲೂ ಇಲ್ಲೇ ಇರ್ತೈತೆ.”

“ಕೇಳಿದ್ದು ಸಾರ್ ಅಲ್ಲ. ಆಯಮ್ಮ” ಎಂದರು ಮೇಷ್ಟ್ರು.

ಪಂಚಾಯಿತಿಗೆ ವಾಪಸ್ಸಾದ ಮೇಲೆ ಪಿಡಿಒ ಫ್ಯಾನಿನ ಕಡೆ ನೋಡುತ್ತ, “ಮೇಡಂ, ಹತ್ತು ನಿಮಿಷದ ಒಳಗೆ ಕೈಗೆ ಬಂತಲ್ಲ. ಸಿಕ್ಕಿತು ಅಂತ ಬರಿಯಾದಾ?” ಎಂದರು. ನನ್ನ ಮನೆಯ ಊಟ ಕೆಡದಿರಲಿ ಎಂಬ ಕಾಳಜಿ ಅದು. ನಾನು ಪೆನ್ನು ತೆಗೆದುಕೊಂಡೆ. ಧೈರ್ಯ ಬಂದು ಅಲ್ಲ; ಗಿರಣಿಯ ಮರೆಯಲ್ಲಿ ನಿಂತಾಗ ಅವಳು ಅಂಗಳದ ಆಚೆ ಹೇಗೆ ನಿಂತಿದ್ದಳೆಂದು ಮೊದಲ ಸಲ ಹೊರಗಿನಿಂದ ನೋಡಿದ್ದೆ, ಅದಕ್ಕೆ. ಒಳಗಿನಿಂದ ನನಗೆ ಯಾವಾಗಲೂ ರೊಟ್ಟಿ ಹಂಚು ಮಾತ್ರ ಕಾಣುತ್ತಿತ್ತು. ‘ಕೇಳಿದವರಿಗೆ ಸಿಗಲಿಲ್ಲ, ಅಧಿಕಾರಿಗೆ ಸಿಕ್ಕಿತು’ ಎಂದು ಬರೆದು ಸಹಿ ಹಾಕಿದೆ. ಅನುದಾನ ಕಾಲೋನಿಯ ತಗಡಿಗೆ ಹೋಯಿತು, ಕಾಗದದ ಮೇಲೆ.

ಸುದ್ದಿ ನನಗಿಂತ ಮೊದಲೇ ಮನೆ ಮುಟ್ಟಿತ್ತು.

“ಗಂಡನ್ ಮನಿ ಮರ್ಯಾದಿ ಕಾಲಂನಾಗೆ ಬರ್ದು ಬಂದ್ಯಾ?” ಎಂದರು ಅತ್ತೆ.

“ನೀವು ಹೇಳಿದ್ನೇ ಬರ್ದೀನಿ ಅತ್ತೆ. ಒಂದಕ್ಷರ ಸೇರಿಸಿಲ್ಲ.”

ಯಜಮಾನರು ಮೂರು ದಿನ ಮಾತಾಡಲಿಲ್ಲ. ಉಪ್ಪು ಬೇಕಾದರೆ ಗೋಡೆಗೆ ಹೇಳುತ್ತಿದ್ದರು, ನಾನು ಗೋಡೆಯ ಪರವಾಗಿ ಕೊಡುತ್ತಿದ್ದೆ. ನಾಲ್ಕನೆಯ ದಿನ ಭವನದ ಹಿರಿಯರ ಸಭೆ ಕೂಡಿತು. ಸೋತದ್ದು ಅವರಿಗೆ ದೊಡ್ಡದಲ್ಲ, ಬೀಗದ ಕೈಯಲ್ಲಿ ಸೋತದ್ದು ದೊಡ್ಡದು. ಮುಂದಿನ ವರ್ಷ ಟೈಲ್ಸ್ ಬೇಕೆಂದರೆ ಭವನವನ್ನು ಎಲ್ಲರಿಗೂ ಕೊಟ್ಟಿದ್ದೇವೆ ಎಂದು ರಿಜಿಸ್ಟರಿನಲ್ಲಿ ತೋರಿಸಬೇಕು ಎಂದು ಯಾರೋ ಲೆಕ್ಕ ಹಾಕಿದರು. ತೋರಿಸಲು ಒಂದು ಮದುವೆ ಬೇಕಲ್ಲ? ಊರಲ್ಲಿ ಬೇರೆ ಯಾವ ಮದುವೆಯೂ ಹತ್ತಿರ ಇರಲಿಲ್ಲ. ಹೀಗಾಗಿ ನಮ್ಮ ಯಜಮಾನರೇ ಇಸ್ತ್ರಿ ಅಂಗಿ ಹಾಕಿಕೊಂಡು ಕಾಲೋನಿಗೆ ಹೋದರು. ಅವರ ವಯಸ್ಸಿನಲ್ಲಿ ಓಟು ಕೇಳುವುದಕ್ಕಲ್ಲದೆ ಅಲ್ಲಿಗೆ ಹೋದದ್ದು ಅದೇ ಮೊದಲು.

ಅವಳು ತಕ್ಷಣ ಒಪ್ಪಲಿಲ್ಲವಂತೆ. “ಬಾಯಿ ಮಾತು ಬ್ಯಾಡ್ರಿ. ಮದ್ವೆ ದಿನ ನೀವು ಹೊನ್ನಾಳಿಗೆ ಹೋಗಿದ್ರೆ?” ಎಂದು ಕೇಳಿದಳಂತೆ. ಚೀಟಿ ಬರೆಸಿಕೊಂಡು, ಹಿಂದಿನ ದಿನವೇ ಬೀಗದ ಕೈ ತರಿಸಿಕೊಂಡಳು. ಮದುವೆಯ ಬೆಳಿಗ್ಗೆ ಮಳೆ ಜಡಿಯಿತು. ಭವನದ ಒಳಗೆ ಒಂದು ಹನಿ ಬೀಳಲಿಲ್ಲ. ಎಲ್ಲ ಫ್ಯಾನೂ ತಿರುಗುತ್ತಿದ್ದವು.

ನಮ್ಮ ಹಿರಿಯರೂ ಬಂದರು, ಫೋಟೊದಲ್ಲಿ ಇರಬೇಕಿತ್ತಲ್ಲ. ಅಕ್ಷತೆ ಹಾಕಿದರು, ಮುಯ್ಯಿ ಕೊಟ್ಟರು. ಊಟಕ್ಕೆ ಏಳಿ ಎಂದಾಗ ಮಾತ್ರ ಒಬ್ಬರಿಗೆ ಶುಗರ್ ಇತ್ತು, ಇನ್ನೊಬ್ಬರಿಗೆ ಬಿಪಿ, ಮತ್ತೊಬ್ಬರಿಗೆ ಡಾಕ್ಟರು ಹೊರಗಿನದು ಬೇಡ ಎಂದಿದ್ದರು. ನಮ್ಮ ಜನರಲ್ಲಿ ಇಷ್ಟೊಂದು ಕಾಯಿಲೆ ಇದೆಯೆಂದು ನನಗೆ ಅಂದೇ ಗೊತ್ತಾದದ್ದು. ಯಜಮಾನರು ಬಾಗಿಲ ಹತ್ತಿರ ನಿಂತು ಒಂದು ಲೋಟ ಪಾನಕ ಕುಡಿದರು. ಅದೂ ಒಂದು ಹೆಜ್ಜೆ ಎಂದು ಮೇಷ್ಟ್ರು ನನ್ನ ಕಿವಿಯಲ್ಲಿ ಹೇಳಿ ಎರಡನೆಯ ಪಂಕ್ತಿಯಲ್ಲಿ ಜಾಗ ಹಿಡಿದರು. ನಾನು ಅವರ ಪಕ್ಕ ಕೂತೆ.

ಹೋಳಿಗೆ ಬಡಿಸುತ್ತ ಅವಳೇ ಬಂದಳು. ಹೊಸ ಸೀರೆ, ಹಣೆಯಲ್ಲಿ ಬೆವರು. ನನ್ನ ಎಲೆಗೆ ಒಂದು ಹಾಕಿ ಬಗ್ಗಿದಲ್ಲೇ ನಿಂತಳು.

“ಮೆಂಬ್ರಕ್ಕ, ನಿಮ್ಗೆ ಶುಗರ್ ಇಲ್ವಾ?”

“ಇಲ್ಲ ಕಣೆ. ಇನ್ನೂ ಬಂದಿಲ್ಲ.”

“ಹಂಗಾರೆ ಬರಾದ್ರೊಳಗೆ ಇನ್ನೊಂದು ತಿನ್ರಿ” ಎಂದು ಎರಡು ಹಾಕಿ, ಮೇಲೆ ತುಪ್ಪ ಸುರಿದು ಮುಂದಿನ ಎಲೆಗೆ ಹೋದಳು.