ಎಂಟು ಕಂಬ, ಎಂಟೇ ಜನ

ಶನಿವಾರ ಬೆಳಗಿನ ಆರು ಗಂಟೆ. ಅಮೆರಿಕದ ಸನ್ನಿವೇಲ್‌ನ ಪಾರ್ಕಿನ ಹುಲ್ಲು ಮಂಜಿನಲ್ಲಿ ತೊಯ್ದಿದೆ. ಶಿವರಾಮು ಹಳೆಯ ಸ್ಟೇಷನ್ ವ್ಯಾಗನ್ನಿನ ಮೇಲಿಂದ ಉದ್ದನೆಯ ಪ್ಲಾಸ್ಟಿಕ್ ಪೈಪುಗಳನ್ನು ಇಳಿಸಿ, ಗುಂಡಿ ತೋಡಿ ನೆಡುತ್ತಾರೆ. ಮೈದಾನದ ಒಂದೊಂದು ತುದಿಗೆ ನಾಲ್ಕು ಕಂಬ. ಬಲಮಂಡಿ ಮಡಚುವುದಿಲ್ಲ, ಆ ಕಾಲನ್ನು ಚಾಚಿ, ಕೂತೇ ಅಗೆಯುತ್ತಾರೆ.

ಆಸ್ಟ್ರೇಲಿಯನ್ ಫುಟ್‌ಬಾಲ್ ಇಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಮೊಟ್ಟೆಯಾಕಾರದ ಚೆಂಡನ್ನು ಒದೆಯಬಹುದು, ಹಿಡಿಯಬಹುದು, ಮುಷ್ಟಿಯಿಂದ ಗುದ್ದಬಹುದು, ಎಸೆಯುವಂತಿಲ್ಲ. ಹಾಸನದ ಶಿವರಾಮು ಸಾವಿರದ ಒಂಬೈನೂರ ಅರವತ್ತೆರಡರಲ್ಲಿ ಉಣ್ಣೆ ಗಿರಣಿಯ ಕೆಲಸ ಕಲಿಯಲು ಆಸ್ಟ್ರೇಲಿಯಾದ ಜಿಲಾಂಗಿಗೆ ಹೋಗಿ ಈ ಆಟಕ್ಕೆ ಮನಸೋತವರು. ಸಣ್ಣ ತಂಡವೊಂದಕ್ಕೆ ಹನ್ನೊಂದು ವರ್ಷ ಆಡಿದರು. ಮಂಡಿ ಹೋದ ಮೇಲೆ ಆರು ವರ್ಷ ಕೋಚ್ ಆಗಿದ್ದರು. ಗಿರಣಿ ಮುಚ್ಚಿದಾಗ, ಎಂಬತ್ತೊಂದರಲ್ಲಿ ಇಲ್ಲಿಗೆ ಬಂದರು. ಈಗ ವಯಸ್ಸು ನಲವತ್ತೇಳು. ವಾರವಿಡೀ ಕಂಪ್ಯೂಟರ್ ಚಿಪ್ ಕಾರ್ಖಾನೆಯಲ್ಲಿ ಯಂತ್ರ ರಿಪೇರಿ; ಶನಿವಾರ ಇಲ್ಲಿನ ಕನ್ನಡದ ಹುಡುಗರ ತಂಡಕ್ಕೆ ಕೋಚ್.

“ನಮ್ಮ ಹುಡುಗ್ರು ಕ್ರಿಕೆಟ್ ಆಡಿ ಬೆಳೆದೋರು. ಕ್ಯಾಚು ಬಿಡೋದೇ ಇಲ್ಲ,” ಎನ್ನುತ್ತಾರೆ.

ತೊಂದರೆ ಬಂದದ್ದೂ ಅಲ್ಲಿಂದಲೇ. ಮೂರು ವಾರದ ಹಿಂದೆ, ಓಕ್ಲೆಂಡಿನವರ ಎದುರು ಕೊನೆಯ ನಿಮಿಷ. ನಾಲ್ಕು ಪಾಯಿಂಟಿನ ಹಿನ್ನಡೆ; ಒಂದು ಗೋಲಿಗೆ ಆರು. ಮಂಡ್ಯದ ಎಂಜಿನಿಯರ್ ಚೆಲುವರಾಜು ಗೋಲಿನ ಮುಂದೆಯೇ ಇಬ್ಬರ ತಲೆಯ ಮೇಲೆ ಹಾರಿ ಚೆಂಡು ಹಿಡಿದ. ಹಾಗೆ ಹಿಡಿದವನು ಯಾರ ಅಡ್ಡಿಯೂ ಇಲ್ಲದೆ ನಿಂತು ಒದೆಯಬಹುದು. ಅವನೋ ಹಳೇ ಅಭ್ಯಾಸದಂತೆ, ವಿಕೆಟ್ ಬಿತ್ತೆಂಬ ಖುಷಿಯಲ್ಲಿ ಚೆಂಡನ್ನು ಆಕಾಶಕ್ಕೆ ಎಸೆದುಬಿಟ್ಟ. ಎದುರಾಳಿ ಕಸಿದುಕೊಂಡು ಓಡಿದ.

“ಇದು ನಿಮ್ಮೂರಿನ ಟೆನಿಸ್‌ಬಾಲ್ ಮ್ಯಾಚಲ್ಲ ಕಣೋ, ದಡ್ಡ!” ಶಿವರಾಮು ಎಲ್ಲರೆದುರು ಕಿರುಚಿದರು. ಅಂದಿನಿಂದ ಚೆಲುವರಾಜು ಬಂದಿಲ್ಲ.

ಹದಿನೆಂಟು ಜನರ ಆಟವನ್ನು ಇಲ್ಲಿ ಒಂಬತ್ತಕ್ಕೆ ಇಳಿಸಿಕೊಂಡಿದ್ದಾರೆ. ಉಳಿದಿರುವುದು ಎಂಟು. ಪಾರ್ಕಿನವರ ನಿಯಮದಂತೆ ಸತತ ಮೂರು ಶನಿವಾರ ಆಟ ನಡೆಯದಿದ್ದರೆ ಮೈದಾನ ಮಕ್ಕಳ ಸಾಕರ್‌ಗೆ ಹೋಗುತ್ತದೆ. ಎರಡು ಶನಿವಾರ ಆಗಲೇ ಕಳೆದಿವೆ.

ಹತ್ತಾಗುತ್ತದೆ. ಫ್ಲಾಸ್ಕಿನಲ್ಲಿ ಕಾಫಿ ತಂದ ಹೆಂಡತಿ ಪದ್ಮಜಾ ತಲೆ ಎಣಿಸುತ್ತಾರೆ. “ಎಂಟೇ ರೀ. ಕಂಬಕ್ಕೊಬ್ಬರನ್ನ ನಿಲ್ಲಿಸಿ ಫೋಟೋ ತೆಗೆಸ್ಕೊಳ್ಳಿ.”

ಯಾರೂ ನಗುವುದಿಲ್ಲ. ಓಕ್ಲೆಂಡಿನವರು ಕೈಕುಲುಕಿ ಕಾರು ಹತ್ತುತ್ತಾರೆ.

ಶಿವರಾಮು ಕಂಬ ಕೀಳುತ್ತಾರೆ. ಸಾಕರ್ ಆಡುವ ಮಕ್ಕಳ ಕಾಲು ಸಿಕ್ಕಿಕೊಳ್ಳಬಾರದೆಂದು ಗುಂಡಿಗಳಿಗೆ ಮಣ್ಣು ತುಂಬಿ ಅಂಗೈಯಿಂದ ತಟ್ಟುತ್ತಾರೆ.

“ಮೈದಾನ ಹೋಯ್ತು, ಹೋಗ್ಲಿ,” ಎನ್ನುತ್ತಾರೆ. “ಆ ಕ್ಯಾಚು ಇದೆಯಲ್ಲ, ಅಂಥದ್ದು ಹನ್ನೊಂದು ವರ್ಷದಲ್ಲಿ ನಾನು ಒಂದೂ ಹಿಡಿದಿಲ್ಲ. ಅದನ್ನ ಅವನಿಗೆ ಹೇಳ್ಬೇಕು. ಫೋನ್ ಮಾಡಿದ್ರೆ ನನ್ನ ದನಿ ಕೇಳಿದ ತಕ್ಷಣ ಇಟ್ಬಿಡ್ತಾನೆ. ಒಂದ್ಸಲ ಪೂರ್ತಿ ಕೇಳಿಸ್ಕೊಂಡ್ರೆ ಸಾಕು.”