ಕಾಕಾನ ಟವಲಿನ ಕೆಳಗೆ

ಮಿರಜದ ನಮ್ಮ ಮನೆಯ ಪಡಸಾಲೆಯಲ್ಲಿ, ಬಾಗಿಲ ಹಿಂದಿನ ಗೂಟಕ್ಕೆ ಒಂದು ಟವಲು ಜೋತುಬಿದ್ದಿರುತ್ತದೆ. ಬಿಳಿ ಎಂದು ಕೊಂಡದ್ದು, ಈಗ ಅದಕ್ಕೆ ಯಾವ ಬಣ್ಣವೆಂದು ಹೇಳುವುದು ಕಷ್ಟ. ಅಂಚು ಹಿಂಜಿದೆ, ನಡುವೆ ಅರಿಸಿನದ ಹಳೆಯ ಕಲೆಗಳು ನಕಾಶೆಯ ದೇಶಗಳಂತೆ ಹರಡಿಕೊಂಡಿವೆ. ಅರಿಸಿನದ ಗುಣ ನಿಮಗೂ ಗೊತ್ತಿದ್ದೀತು. ಸಾಬೂನು ಹಚ್ಚಿದರೆ ಸಿಟ್ಟು ಬಂದಂತೆ ಕೆಂಪಾಗುತ್ತದೆ, ಬಿಸಿಲಿಗೆ ಹಾಕಿದರೆ ತಾನಾಗಿಯೇ ಮೆಲ್ಲಗೆ ಹೊರಟುಹೋಗುತ್ತದೆ. ಹಾಗಾಗಿ ಎರಡು ದಿನ ಅಂಗಳದ ಹಗ್ಗಕ್ಕೆ ಹಾಕಿದ್ದರೆ ಈ ಟವಲು ಎಂದೋ ಬೆಳ್ಳಗಾಗುತ್ತಿತ್ತು. ಆದರೆ ನನ್ನ ಕಾಕಾ ಅದನ್ನು ಬಿಸಿಲಿಗೆ ಹಾಕಗೊಡುವುದಿಲ್ಲ. ಮೊನ್ನೆಮೊನ್ನೆಯವರೆಗೂ ತಾನೇ ಒಗೆದು, ತಾನೇ ಹಿಂಡಿ, ನೆರಳಿನಲ್ಲಿ ಒಣಗಿಸಿ ಮತ್ತೆ ಗೂಟಕ್ಕೆ ಹಾಕುತ್ತಿದ್ದ. ಎಂಬತ್ತು ದಾಟಿದ ಮುದುಕನ ಹಟವೆಂದು ನಾನು ಬಹಳ ವರ್ಷ ನಗುತ್ತಿದ್ದೆ.

ಕಾಕಾ ಸಾಂಗಲಿಯ ಅರಿಸಿನದ ಪೇಟೆಯಲ್ಲಿ ದಲ್ಲಾಳಿಯಾಗಿದ್ದವನು. ಈಗ ಅಲ್ಲಿ ಎಲ್ಲವೂ ಬಹಿರಂಗ ಹರಾಜು. ಅವನ ಕಾಲದಲ್ಲಿ ದರ ಬಾಯಿಗೆ ಬರುತ್ತಿರಲಿಲ್ಲ, ಬೆರಳಿಗೆ ಬರುತ್ತಿತ್ತು. ಕಾಕಾ ತನ್ನ ಬಲಗೈಯ ಮೇಲೆ ಟವಲು ಹೊದಿಸಿ ನಿಂತರೆ ಖರೀದಿದಾರರು ಒಬ್ಬೊಬ್ಬರಾಗಿ ಬಂದು ಅದರ ಕೆಳಗೆ ಕೈ ತೂರಿಸುತ್ತಿದ್ದರು. ಎಷ್ಟು ಬೆರಳು ಹಿಡಿದರು, ಯಾವ ಗೆಣ್ಣು ಒತ್ತಿದರು ಎನ್ನುವುದರಲ್ಲೇ ಮಾತೆಲ್ಲ ಮುಗಿಯುತ್ತಿತ್ತು. ಮೇಲೆ ಮಾತ್ರ ಎರಡು ಮುಖಗಳು ಮಳೆಯ ಬಗ್ಗೆ, ಯಾರದೋ ಮಗಳ ಲಗ್ನದ ಬಗ್ಗೆ ಲೋಕಾಭಿರಾಮ ಆಡುತ್ತ ನಿಂತಿರುತ್ತಿದ್ದವು. ಒಬ್ಬನ ಬೆರಳು ಹೇಳಿದ್ದು ಇನ್ನೊಬ್ಬನಿಗೆ ಅಂದೂ ತಿಳಿಯುತ್ತಿರಲಿಲ್ಲ, ಹತ್ತು ವರ್ಷದ ಮೇಲೂ ತಿಳಿಯುತ್ತಿರಲಿಲ್ಲ. ಮನೆಯಲ್ಲಿ ನನಗೂ ಆ ಆಟ ಕಲಿಸಿದ್ದ. ನಾನು ಟವಲಿನ ಕೆಳಗೆ ಅವನ ಎರಡು ಬೆರಳು ಹಿಡಿದರೆ ಎರಡು ಪೇಢೆ, ಅಜ್ಜಿಗೆ ಕಾಣದಂತೆ. ಶಾಲೆ ನನಗೆ ಮರಾಠಿ ಕಲಿಸಿತು, ಕನ್ನಡ ಬಂದದ್ದು ಅಜ್ಜಿಯ ಬೈಗುಳದಿಂದ, ಕಾಕಾನ ಕಥೆಗಳಿಂದ ಮತ್ತು ಆ ಟವಲಿನ ಕೆಳಗಿನ ಮೌನದಿಂದ.

ನಾನು ಬೆಳೆದು ಪತ್ರಿಕೆಯ ಕಸುಬಿಗೆ ಬಿದ್ದೆ. ಬಹಳ ವರ್ಷ ಒಂದು ದೈನಿಕದಲ್ಲಿ ದುಡಿದು, ಕೆಲವು ಸುದ್ದಿಗಳು ಮೇಜಿನ ಮೇಲೇ ತಣ್ಣಗಾಗುವುದನ್ನು ನೋಡಲಾರದೆ ಹೊರಬಂದು, ಈಗ ಮರಾಠಿ ಕನ್ನಡ ಎರಡರಲ್ಲೂ ಫೋನಿನಲ್ಲೇ ಓದುವಂಥ ಪುಟ್ಟದೊಂದು ಪತ್ರಿಕೆಯನ್ನು ಒಬ್ಬಳೇ ನಡೆಸುತ್ತೇನೆ. ಸಂಪಾದಕಿ ನಾನೇ, ವರದಿಗಾರ್ತಿ ನಾನೇ, ತಪ್ಪಾದರೆ ಬೈಸಿಕೊಳ್ಳುವವಳೂ ನಾನೇ. ನಮ್ಮ ಕಸುಬಿನವರಿಗೆ ಬಿಸಿಲಿನ ಮೇಲೆ ಬಲು ಭಕ್ತಿ. ಎಲ್ಲವನ್ನೂ ಬೆಳಕಿಗೆ ತರಬೇಕು, ಮುಚ್ಚಿದ್ದನ್ನೆಲ್ಲ ತೆರೆಯಬೇಕು ಎನ್ನುತ್ತೇವೆ. ಆ ಭಕ್ತಿಯ ಭರದಲ್ಲಿ ನಾನು ಮಾಡಿದ ಒಂದು ತಪ್ಪನ್ನು ನಿಮ್ಮ ಮುಂದೆ ಹೇಳಿಕೊಳ್ಳಲು ಈ ಟವಲನ್ನು ನೆಪ ಮಾಡಿಕೊಂಡಿದ್ದೇನೆ.

ಅರಿಸಿನವನ್ನು ಪಾಲಿಶ್ ಮಾಡುವ ಗಿರಣಿಯೊಂದರಲ್ಲಿ, ಕೊಂಬು ಉರುಳುವ ಡ್ರಮ್ಮಿಗೆ ತಿನ್ನಬಾರದ ಹಳದಿ ಬಣ್ಣದ ಪುಡಿ ಬೀಳುತ್ತಿದೆಯೆಂದು ಅಲ್ಲಿ ದುಡಿಯುವ ಒಬ್ಬರು ನನಗೆ ಹೇಳಿದರು. ಅವರು ಗಂಡಸೋ ಹೆಂಗಸೋ ನಾನು ಬರೆಯುವುದಿಲ್ಲ, ನೀವೂ ಕೇಳಬೇಡಿ. ಅವರು ಕೇಳಿದ್ದು ಒಂದೇ, ತಮ್ಮ ಹೆಸರು ಎಲ್ಲಿಯೂ ಬರಬಾರದು. ಮನೆಯಲ್ಲಿ ಅವರೊಬ್ಬರದೇ ಗಳಿಕೆ. ನಾನು ಮಾತು ಕೊಟ್ಟೆ. ಅವರೊಬ್ಬರ ಮಾತನ್ನೇ ನೆಚ್ಚಲಿಲ್ಲ. ಪುಡಿಯನ್ನು ಪ್ರಯೋಗಾಲಯಕ್ಕೆ ಕಳಿಸಿ ಕಾಗದ ತರಿಸಿದೆ. ಅಷ್ಟು ಸಾಲದೆಂದು ಎರಡು ಬಟ್ಟೆಯ ತುಂಡುಗಳನ್ನು, ಒಂದಕ್ಕೆ ಮನೆಯ ಅರಿಸಿನ ಇನ್ನೊಂದಕ್ಕೆ ಆ ಗಿರಣಿಯ ಪುಡಿ ಹಚ್ಚಿ, ಮಾಳಿಗೆಯ ಮೇಲೆ ಒಣಹಾಕಿದೆ. ಮನೆಯದು ಮೂರು ದಿನದಲ್ಲಿ ಮಾಸಿತು, ಗಿರಣಿಯದು ನನ್ನನ್ನೇ ಅಣಕಿಸುವಂತೆ ಹೊಳೆಯುತ್ತ ಕೂತಿತು. ಪ್ರಕಟಿಸುವ ಮೊದಲು ಮಾಲಕರಿಗೂ ಫೋನು ಮಾಡಿ, ವ್ಯಾಪಾರಿಗಳು ಬಣ್ಣ ನೋಡಿಯೇ ಮಾಲು ಎತ್ತುತ್ತಾರೆ, ತಾನೊಬ್ಬ ಮಾಡದಿದ್ದರೆ ಗಿರಣಿ ಮುಚ್ಚಬೇಕಾಗುತ್ತದೆ ಎಂದು ಅವರು ತೋಡಿಕೊಂಡದ್ದನ್ನು ಒಂದು ಅಕ್ಷರ ಬಿಡದೆ ಬರೆದುಕೊಂಡೆ. ನೇಮಗಳನ್ನೆಲ್ಲ ಪಾಲಿಸಿದ ಹೆಮ್ಮೆ ನನ್ನದು.

ಆದರೆ ಬರಹಕ್ಕೊಂದು ಚಿತ್ರ ಬೇಕಲ್ಲ! ಚಿತ್ರವಿಲ್ಲದ ಸುದ್ದಿಯನ್ನು ಜನ ಬೆರಳಿನಿಂದ ಮೇಲಕ್ಕೆ ತಳ್ಳಿಬಿಡುತ್ತಾರೆ. ಗಿರಣಿಯೊಳಗೆ ಸಾಲಾಗಿ ನಿಲ್ಲಿಸಿದ ತುಂಬಿದ ಚೀಲಗಳ ಒಂದು ಚಿತ್ರ ನನ್ನ ಬಳಿಯಿತ್ತು. ಗಿರಣಿಯ ಹೆಸರಿನ ಮುದ್ರೆಯನ್ನು ಮಸುಕು ಮಾಡಿದೆ, ಮನುಷ್ಯರ ನೆರಳೂ ಇಲ್ಲವೆಂದು ಎರಡು ಸಲ ನೋಡಿದೆ, ಬೆಳಿಗ್ಗೆ ಚಹಾದ ಹೊತ್ತಿಗೆ ಹಾಕಿದೆ.

ಕಾಕಾ ಜೋಕಾಲಿಯ ಮೇಲೆ ಕೂತು ನನ್ನ ಪತ್ರಿಕೆ ಓದುವುದು ಒಂದು ನಿತ್ಯನೇಮ. ಅಂದು ಚಿತ್ರವನ್ನು ಎರಡು ಬೆರಳಿನಿಂದ ಹಿಗ್ಗಿಸಿ ನೋಡಿದವನು ಜೋಕಾಲಿಯನ್ನು ಕಾಲಿನಿಂದ ನಿಲ್ಲಿಸಿದ.

“ತಂಗೀ, ಅವರ ಹೆಸರ ಯಾಕ ಹಾಕೀದಿ?” ಎಂದ.

ಯಾರ ಹೆಸರನ್ನೂ ಹಾಕಿಲ್ಲವೆಂದೆ. ಅವನು ಫೋನನ್ನು ನನ್ನತ್ತ ತಿರುಗಿಸಿ ಚೀಲದ ಬಾಯಿಯ ಮೇಲೆ ಬೆರಳಿಟ್ಟ. “ಇಲ್ಲೇ ಬರದೈತಲ್ಲ. ಇದು ಯಾರ ಕೈ ಅಂತ ಕುರುಡಗೂ ತಿಳೀತದ.”

ಓದುಗ ಮಿತ್ರರೇ, ಅರಿಸಿನದ ಪೇಟೆಯ ಮನೆಯಲ್ಲಿ ಹುಟ್ಟಿದ ನಾನು ಇದನ್ನು ಮರೆಯಬಾರದಿತ್ತು. ಸುತಳಿ ಪೋಣಿಸಿದ ದಬ್ಬಣದಿಂದ ಚೀಲದ ಬಾಯಿ ಹೊಲಿಯುವಾಗ ಒಬ್ಬೊಬ್ಬರದು ಒಂದೊಂದು ಹೊಲಿಗೆ. ಒಬ್ಬರು ಮೂಲೆಯ ಕಿವಿಯನ್ನು ಎಡಕ್ಕೆ ತಿರುವುತ್ತಾರೆ, ಇನ್ನೊಬ್ಬರು ನಡುವೆ ಒಂದು ಟಾಕಿ, ಎಂದರೆ ಒಂದು ಹೊಲಿಗೆ, ದಾಟಿಸಿ ಕೊನೆಗೆ ಜೋಡುಗಂಟು ಹಾಕುತ್ತಾರೆ. ಹಿರಿಯರಿಂದ ಕಲಿತ ಆ ಹೊಲಿಗೆ ಅವರವರ ರುಜುವೇ ಸರಿ. ಯಂತ್ರದ ಹೊಲಿಗೆ ಬಂದ ಮೇಲೆ ಅದನ್ನು ಓದಬಲ್ಲ ಕಣ್ಣುಗಳು ಕಡಿಮೆಯಾದವು, ಇಲ್ಲವಾಗಲಿಲ್ಲ. ಆ ಗಿರಣಿಯಲ್ಲಿ ಸರದಿಯಂತೆ ಡ್ರಮ್ಮಿನ ಪಕ್ಕಕ್ಕೇ ಕೂತು ಚೀಲ ಹೊಲಿಯುವವರು ಹಲವರು; ಚಿತ್ರದ ಚೀಲಗಳನ್ನು ಹೊಲಿದವರು ಯಾರೆಂದು ತಿಳಿದರೆ, ಬಣ್ಣದ ಪುಡಿಯನ್ನು ಕಂಡವರು ಯಾರೆಂದೂ ತಿಳಿದಂತೆ. ಮುಖವನ್ನು ಮುಚ್ಚಿ, ಹೆಸರನ್ನು ಮುಚ್ಚಿ, ನಾನು ಅವರ ರುಜುವನ್ನೇ ಊರಿಗೆಲ್ಲ ಹಂಚಿಬಿಟ್ಟಿದ್ದೆ. ಬರಹಕ್ಕೆ ಆ ಚಿತ್ರ ಬೇಕಿರಲಿಲ್ಲ, ಸಾಕ್ಷಿಗೆ ಪ್ರಯೋಗಾಲಯದ ಕಾಗದವಿತ್ತು. ಬೇಕಿದ್ದದ್ದು ನನ್ನ ಬಡಿವಾರಕ್ಕೆ. ಲೋಟದ ಚಹಾ ಆರುವಷ್ಟರಲ್ಲಿ ಚಿತ್ರ ತೆಗೆದೆ. ಆದರೆ ನೋಡಬೇಕಾದವರು ನೋಡಿಯಾಗಿತ್ತು.

ಮಾಡಿದ ತಪ್ಪನ್ನು ಮುಚ್ಚಿಡುವುದು ಇನ್ನೊಂದು ತಪ್ಪಾಗುತ್ತಿತ್ತು. ಮರುದಿನ ನಾನು ಬಸ್ಸು ಬದಲಿಸುತ್ತ ಆರಗ, ಲಿಂಗನೂರು, ಕವಲಾಪುರ ಮೂರೂ ಕಡೆ ಹೋಗಿಬಂದೆ. ಅವರನ್ನು ಕಂಡದ್ದು ಯಾವ ಊರಿನಲ್ಲೆಂದು ಊಹಿಸುವ ಶ್ರಮ ಬೇಡ. ನಡೆದದ್ದನ್ನೆಲ್ಲ ಹೇಳಿ ತಲೆ ತಗ್ಗಿಸಿ ಕೂತೆ. ಬೈದಿದ್ದರೆ ಹಗುರವಾಗುತ್ತಿತ್ತು. ಅವರು ತಮ್ಮ ಅಂಗೈಯ ಸುತಳಿಯ ಗಾಯಗಳನ್ನು ನೋಡಿಕೊಳ್ಳುತ್ತ ಸಮಾಧಾನವಾಗಿ ಮಾತಾಡಿದರು.

“ನಮ್ಮ ಮಾಲಕರಿಗೆ ಹೊಲಿಗಿ ಓದಾಕ ಬರೂದಿಲ್ರಿ ಅಕ್ಕಾರ. ಓದಾವರು ಒಬ್ಬಿಬ್ಬರು ಉಳದಾರ. ಅದರಾಗ ಒಬ್ಬರು ನಿಮ್ಮ ಮನ್ಯಾಗ ಅದಾರ.”

ಆ ಮಾತಿನ ಭಾರವನ್ನು ಹೊತ್ತುಕೊಂಡೇ ನಾನು ಮಿರಜಕ್ಕೆ ಮರಳಿದೆ.

ಮೂರನೆಯ ದಿನ ಮಾಲಕರು ಬಂದರು. ಪರಕೀಯರಲ್ಲ, ಕಾಕಾನ ಹಳೆಯ ಗೆಳೆಯನ ಮಗ. ಹಿಂದಿನ ವರ್ಷ ಕಾಕಾನ ಕಣ್ಣಿನ ಶಸ್ತ್ರಚಿಕಿತ್ಸೆಯಾದಾಗ ಆಸ್ಪತ್ರೆಗೆ ಒಯ್ದು ತಂದದ್ದು ಅವರದೇ ಕಾರು. ಅವರು ಕೂಗಾಡಲಿಲ್ಲ. ಮರಾಠಿಯಲ್ಲಿ ಆರೋಗ್ಯ ವಿಚಾರಿಸಿ, ಆಮೇಲೆ ಕನ್ನಡಕ್ಕೆ ಬಂದು, ಕಿಸೆಯಿಂದ ಆ ಚಿತ್ರದ ಪ್ರತಿಯನ್ನು ತೆಗೆದು ಕಾಕಾನ ತೊಡೆಯ ಮೇಲಿಟ್ಟರು. ತನ್ನ ಅನ್ನ ತಿಂದವರಲ್ಲಿ ತನಗೆ ಹೇಳದೆ ಹೊರಗೆ ಹೇಳಿದವರು ಯಾರೆಂದಷ್ಟೇ ತಿಳಿಯಬೇಕು ಎಂದರು. ಅವರ ದನಿಯಲ್ಲಿ ಸಿಟ್ಟಿಗಿಂತ ನೋವು ಹೆಚ್ಚಿತ್ತು, ನನಗೆ ಭಯವಾದದ್ದು ಅದಕ್ಕೇ. ಸಿಟ್ಟನ್ನು ಎದುರಿಸುವುದು ಸುಲಭ, ಹಳೆಯ ಸ್ನೇಹದ ನೋವಿಗೆ ಮುದುಕರು ಕರಗುತ್ತಾರೆ. ಕಣ್ಣು ಮಂಜಾಗಿದೆ, ಏನೂ ಕಾಣದು ಎಂದು ಕಾಕಾ ಒಂದು ಸುಳ್ಳು ಹೇಳಿಬಿಡಲಿ ಎಂದು ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತು ಹರಕೆ ಹೊತ್ತೆ.

ಕಾಕಾ ಚಿತ್ರವನ್ನು ನೋಡಿದ. ಕನ್ನಡಕ ಸರಿಮಾಡಿಕೊಂಡು ಮತ್ತೆ ನೋಡಿದ.

“ಕಣ್ಣು ಕಾಣವಲ್ಲವು ಅನ್ನಾಕ ಬರೂದಿಲ್ಲಪಾ, ನಿನ್ನ ಕಾರಿನ್ಯಾಗ ಕುಂತ ಹೋಗಿ ಛಲೋ ಮಾಡಿಸ್ಕೊಂಡ ಬಂದೇನಿ,” ಎಂದು ನಕ್ಕ. “ಇದು ಯಾರ ಹೊಲಿಗಿ ನನಗ ಗೊತ್ತೈತಿ. ಹೇಳಂಗಿಲ್ಲ.”

ಮಾಲಕರ ಮುಖ ಕೆಂಪಾಯಿತು. ಕಾಕಾ ಎದ್ದು ಗೂಟದ ಟವಲು ತಂದು ತನ್ನ ತೊಡೆಯ ಮೇಲೆ, ಆ ಚಿತ್ರದ ಮೇಲೆ ಹಾಸಿದ.

“ಇದರ ಕೆಳಗ ನಿಮ್ಮಪ್ಪನೂ ಕೈ ಕೊಟ್ಟಾನ. ಸೋತ ಸುಗ್ಗಿ ಒಳಗ ಎಷ್ಟಕ್ಕ ಮಾಲು ಬಿಟ್ಟ, ಯಾಕ ಬಿಟ್ಟ, ಎಲ್ಲಾ ನನಗ ಗೊತ್ತೈತಿ. ಇವತ್ತಿನ ತನಕ ನಿನ್ನ ಮುಂದ ಹೇಳೇನೇನು? ಇದನ್ನ ಹೇಳಿದರ ನಾಳೆ ಅದನ್ನೂ ಹೇಳಾಂವ ಅಂತ ತಿಳಕೋ.”

ಮಾಲಕರು ನಾನು ತಂದ ಚಹಾವನ್ನು ಕುಡಿದರು, ಅದೇ ಒಂದು ದೊಡ್ಡ ಮಾತು; ಚಿತ್ರವನ್ನು ಟವಲಿನ ಕೆಳಗೇ ಬಿಟ್ಟು ಎದ್ದುಹೋದರು.

ಆಮೇಲೆ ನಾನು ಕಾಕಾನನ್ನು ಕೇಳಿದೆ, ಗೊತ್ತಿಲ್ಲವೆಂದು ಒಂದು ಮಾತು ಅಂದಿದ್ದರೆ ಆಗುತ್ತಿರಲಿಲ್ಲವೇ ಎಂದು. ಆಗ ಮಾಲಕರು ಹೊಲಿಗೆ ಓದಬಲ್ಲ ಇನ್ನೊಬ್ಬ ಮುದುಕನನ್ನು ಹುಡುಕಿಕೊಂಡು ಹೋಗುತ್ತಿದ್ದರೆಂದೂ, ಗೊತ್ತಿದ್ದೂ ಹೇಳುವುದಿಲ್ಲವೆಂಬುದನ್ನು ಒಂದು ಸಲ ಕೇಳಿದವರಿಗೆ ಎರಡನೆಯ ಕಡೆ ಕೇಳಲು ನಾಚಿಕೆಯಾಗುತ್ತದೆಂದೂ ಅವನು ಹೇಳಿದ. ಹಾಗೆಯೇ ಆಯಿತು. ಮಾಲಕರು ಮತ್ತಾರನ್ನೂ ಕೇಳಲಿಲ್ಲ. ಅಧಿಕಾರಿಗಳು ಬಂದು ಪುಡಿಯ ಮಾದರಿ ಒಯ್ದರು. ಡ್ರಮ್ಮಿಗೆ ಬಣ್ಣ ಹಾಕುವುದು ನಿಂತಿದೆಯೆಂದು ಕೇಳಿದ್ದೇನೆ. ಕಾಕಾನ ಮುಂದಿನ ಕಣ್ಣು ತಪಾಸಣೆಗೆ ಕಾರು ಬರಲಿಲ್ಲ, ರಿಕ್ಷಾದಲ್ಲಿ ಹೋದೆವು. ಸ್ನೇಹಗಳು ಮುದಿ ವಯಸ್ಸಿನಲ್ಲಿ ಹೊಸದಾಗಿ ಹುಟ್ಟುವುದಿಲ್ಲವೆಂದು ನನಗೂ ಗೊತ್ತು.

ನಮ್ಮ ಕಸುಬಿನ ನೀತಿಯ ಬಗ್ಗೆ ನಾನು ಸಭೆಗಳಲ್ಲಿ ಮಾತಾಡಿದ್ದುಂಟು. ಸುದ್ದಿ ಕೊಟ್ಟವರ ಹೆಸರು ಕಾಯುವುದು ಒಂದು ಧೀರ ಕೆಲಸವೆಂಬಂತೆ, ಅದರ ಬೆಲೆಯನ್ನೆಲ್ಲ ಪತ್ರಕರ್ತರೇ ತೆರುತ್ತಾರೆಂಬಂತೆ. ಇಲ್ಲಿ ತಪ್ಪು ನನ್ನದು, ಬೆಲೆ ತೆತ್ತವರು ಇನ್ನಿಬ್ಬರು. ಒಬ್ಬ ಕಾಕಾ, ಅವನ ಕಥೆ ಹೇಳಿದೆ.

ಇನ್ನೊಬ್ಬರು ಎರಡು ತಿಂಗಳ ಮೇಲೆ ನಮ್ಮ ಮನೆಗೆ ಬಂದರು. ಅವರ ಕೆಲಸ ಉಳಿದಿದೆ, ನಾನು ಈ ಪ್ರಬಂಧ ಬರೆಯುವುದಕ್ಕೆ ಒಪ್ಪಿದ್ದಾರೆ, ಬರೆದದ್ದನ್ನು ನಾನು ಓದಿ ಹೇಳಿದ್ದೇನೆ. ಇಲ್ಲಿ ಹೇಳಿದ ಟಾಕಿ, ಗಂಟುಗಳು ಅವರವಲ್ಲ. ಹೇಗಿದ್ದೀರಿ ಎಂದು ಕೇಳಿದರೆ ಬೆರಳುಗಳನ್ನು ಮಡಚಿ ಬಿಡಿಸಿ ತೋರಿಸಿದರು.

“ಹೊಲಿಗಿ ಬದಲ ಮಾಡೇನ್ರಿ. ಹಿರ್ಯಾರು ಕಲಿಸಿದ್ದು, ಕೈ ಬಿಡವಲ್ದು. ದಿನಾ ಅರ್ಧಾ ಹೊಲಿದ ಮ್ಯಾಲ ನೆನಪಾಗಿ ಬಿಚ್ಚತೇನಿ.”

ಅವರ ಹೆಸರನ್ನು ಉಳಿಸಲು ಅವರ ರುಜುವನ್ನು ಅವರಿಂದಲೇ ಅಳಿಸಿದಂತಾಯಿತು.

ಕಾಕಾ ಅವರನ್ನು ಜೋಕಾಲಿಯ ಮೇಲೆ ತನ್ನ ಪಕ್ಕದಲ್ಲಿ ಕೂರಿಸಿಕೊಂಡ. ಟವಲು ತರಲು ನನಗೆ ಕಣ್ಣಿನಲ್ಲೇ ಹೇಳಿ, ಇಬ್ಬರ ಕೈಗಳ ಮೇಲೆ ಅದನ್ನು ಹೊದಿಸಿದ. ಮೇಲೆ ಮುದುಕ ಈ ಸಲದ ಮಳೆಯ ಬಗ್ಗೆ ಮಾತಾಡುತ್ತಿದ್ದ, ಕೆಳಗೆ ಅವನ ಬೆರಳುಗಳು ಏನು ಹೇಳಿದವೋ ನನಗೆ ತಿಳಿಯಲಿಲ್ಲ, ಕೇಳಲೂ ಇಲ್ಲ. ಬಂದವರ ಕಣ್ಣು ಒದ್ದೆಯಾದವು, ಆಮೇಲೆ ನಕ್ಕರು, ಅಷ್ಟೇ ಕಂಡದ್ದು.

ಈಗ ಯಾರಾದರೂ ನನ್ನೊಡನೆ ಮಾತಾಡಲು ಬಂದರೆ ನಾನು ಮೊದಲು ಫೋನನ್ನು ಕಿಟಕಿಯ ಮೇಲಿಟ್ಟು, ಅದರ ಮೇಲೆ ಆ ಟವಲು ಹೊದಿಸಿ, ಕೇಳಲು ಕೂರುತ್ತೇನೆ. ವಾರಕ್ಕೊಮ್ಮೆ ಅದನ್ನು ಒಗೆಯುವ ಕೆಲಸವೂ ಈಗ ನನ್ನದೇ. ಹಿಂಡಿ, ಕೊಡವಿ, ಅಭ್ಯಾಸದ ಮೇಲೆ ಅಂಗಳದ ಕಡೆಗೆ ಎರಡು ಹೆಜ್ಜೆ ಹಾಕಿರುತ್ತೇನೆ. ಬಿಸಿಲು ಕಂಡೊಡನೆ ತಿರುಗಿ ಬಂದು ನೆರಳಿಗೆ ಹಾಕುತ್ತೇನೆ.