ಎಡೆ ಕಾಣದ ಚಹಾದ ಸಿಹಿ

ಹೊಸ ಸೊಸೆ ಮೊದಲ ಸಲ ಒಲೆ ಮುಂದೆ ನಿಂತಾಗ ಸಿಹಿ ಮಾಡಬೇಕು. ಅದನ್ನು ಅತ್ತೆ ದೇವರ ಜಗಲಿಗೆ ಎಡೆ ಹಿಡಿದ ಮೇಲೆಯೇ ಮನೆಯವರು ಬಾಯಿಗೆ ಹಾಕಬೇಕು. ವಿಜಯಪುರ ಬಿಟ್ಟು ಮುಂಬಯಿ ಹತ್ತಿರದ ಡೊಂಬಿವಲಿಗೆ ಬಂದು ಮೂವತ್ತು ವರ್ಷವಾದರೂ ನಮ್ಮಲ್ಲಿ ಈ ಪದ್ಧತಿ ತಪ್ಪಿಲ್ಲ. ನನ್ನ ಸರದಿಯಲ್ಲಿ ನಾನು ಗೋದಿ ರವೆ, ಬೆಲ್ಲದ ಸಜ್ಜಕ ಮಾಡಿದ್ದೆ. ಎಡೆ ಹಿಡಿದು ಬಂದ ಅತ್ತೆ, "ಇನ್ನ ನೀ ನಮ್ಮಾಕಿ ಆದಿ" ಅಂದಿದ್ದರು.

ನನ್ನ ಸೊಸೆ ಠಾಣೆಯ ನೌಪಾಡಾದಲ್ಲಿ ಹುಟ್ಟಿ ಬೆಳೆದವಳು. ನಮ್ಮ ಕಡೆಯವರದೇ ಮಗಳು. ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ಮರಾಠಿಯಲ್ಲಿ. ಅವಳು ಆರಿಸಿಕೊಂಡದ್ದು ತಿರಮಿಸು. ಹೆಸರು ಕೇಳಿಯೇ ನನಗೆ ಅನುಮಾನ. ಫೋನಿನಲ್ಲಿ ಹುಡುಕಿದೆ. ಇಟಲಿಯವರ ಸಿಹಿಯಂತೆ. ಕಾಫಿಯಲ್ಲಿ ಅದ್ದಿದ ಬಿಸ್ಕೀಟು, ಅದರ ಮೇಲೆ ಕೆನೆಯಂಥ ಚೀಸು, ಹೀಗೆ ಪದರ ಪದರ. ಜೊತೆಗೆ ಮೊಟ್ಟೆ, ರಮ್ಮು! ಲಿಂಗ ಕಟ್ಟಿಕೊಂಡವರ ಮನೆ ನಮ್ಮದು. ಈ ಕಡೆ ಬೆಳೆದ ಹುಡುಗಿಯರು ಹೊರಗೆ ಏನೇನು ತಿನ್ನುತ್ತಾರೋ ಯಾರಿಗೆ ಗೊತ್ತು?

ಇದಕ್ಕ ತತ್ತಿ ಹಾಕ್ತಿ ಏನವ್ವಾ ಎಂದು ನೇರ ಕೇಳಿದ್ದರೆ ಮುಗಿದಿತ್ತು. ಕೇಳಲಿಲ್ಲ. ಕೊತ್ತಂಬರಿ ಸೋಸುವ ನೆಪದಲ್ಲಿ ಅಡುಗೆಮನೆಯ ಬಾಗಿಲಲ್ಲಿ ಕೂತು ಕಾವಲು ಕಾದೆ.

ಶುಂಠಿ, ಏಲಕ್ಕಿ, ಲವಂಗ ಜಜ್ಜಿ ಹಾಕಿ ಹಾಲಿಲ್ಲದ ಕಡಕ್ ಚಹಾ ಕುದಿಸಿದಳು. "ಆಯಿ, ಆಪಲ್ಯಾ ಘರೀ ಸಗಳೇ ಚಹಾವಾಲೇ" ಎಂದು ನಕ್ಕಳು. ನಮ್ಮ ಮನೆಯವರೆಲ್ಲ ಚಹಾದವರು, ಅದಕ್ಕೇ ಕಾಫಿ ಬಿಟ್ಟಿದ್ದಳಂತೆ. ಆ ಘಮಕ್ಕೆ ನನ್ನ ಬಾಯಲ್ಲಿ ನೀರೂರಿತು, ಅದಕ್ಕೂ ಸಿಟ್ಟು ಬಂತು. ಅಷ್ಟರಲ್ಲಿ ಪುಟ್ಟ ಬಾಟಲಿಯೊಂದರಿಂದ ಕೆನೆಗೆ ಎರಡು ಹನಿ ಬಿಟ್ಟಳು. ಸಿಕ್ಕಿತು ರಮ್ಮು, ಅಂದುಕೊಂಡೆ.

ಪದರಗಳನ್ನು ಜೋಡಿಸಿ, ಪಾತ್ರೆ ಫ್ರಿಜ್ಜಿಗಿಟ್ಟು ಅವಳು ಸ್ನಾನಕ್ಕೆ ಹೋದದ್ದೇ ತಡ, ಬಾಟಲಿ ಮೂಸಿ ನೋಡಿದೆ. ಬರೀ ವೆನಿಲಾ. ಸಮಾಧಾನವಾಗದೆ ಕಸದ ಡಬ್ಬಿಗೇ ಕೈ ಹಾಕಿದೆ. ಬಿಸ್ಕೀಟಿನ ಪಾಕೀಟು, ಚೀಸಿನ ರಟ್ಟು ಎರಡೂ ಸಿಕ್ಕವು. ಶಾಕಾಹಾರದ ಹಸಿರು ಚುಕ್ಕಿ ಇರಬೇಕಾದ ಜಾಗ ಎರಡರಲ್ಲೂ ಕತ್ತರಿಸಿ ಹೋಗಿತ್ತು. ಇದ್ದದ್ದು ಕೆಂಪು ಚುಕ್ಕಿಯೇ, ನನ್ನ ಕಣ್ಣಿಗೆ ಬೀಳಬಾರದೆಂದು ಕತ್ತರಿಸಿದ್ದಾಳೆ ಎಂದು ತೀರ್ಮಾನ ಮಾಡಿಬಿಟ್ಟೆ.

ಸಂಜೆ ಯಾರಿಗೂ ಹೇಳದೆ ಜಗಲಿಗೆ ಅವಳ ಸಿಹಿಯ ಬದಲು ಒಂದು ಬಟ್ಟಲು ಸಕ್ಕರೆ ಎಡೆ ಹಿಡಿದೆ. "ಎಡಿ ಆತೇನು?" ಎಂದು ಹೊರಗಿನಿಂದ ಗಂಡ ಕೂಗಿದರು. ಆತು, ಅಂದೆ. ಕೈಮುಗಿದು ಎದ್ದು, ಆ ತಿರಮಿಸು ತಿನ್ನಬೇಡಿ ಎನ್ನಲು ಬರುವಷ್ಟರಲ್ಲಿ ಅಪ್ಪ ಮಗ ಇಬ್ಬರೂ ಚಮಚ ಹಾಕಿಯಾಗಿತ್ತು. "ಚಹಾ ಕುಡಿದು ಗೊತ್ತಿತ್ತು, ತಿಂದದ್ದು ಇವತ್ತಽ ನೋಡು!" ಎಂದು ಗಂಡ ಚಪ್ಪರಿಸುತ್ತಿದ್ದರು.

ಆಗ ಸೊಸೆ ಒಂದು ಚಹಾದ ಬಸಿ ತಂದು ನನ್ನ ಮುಂದೆ ಹಿಡಿದಳು. ಅದರಲ್ಲಿ ಕತ್ತರಿಸಿದ ಎರಡು ಚೂರು, ಎರಡರ ಮೇಲೂ ಹಸಿರು ಚುಕ್ಕಿ. ಎಡೆಗೆ ಮುಂಚೆ ನನಗೆ ತೋರಿಸಲೆಂದೇ ತೆಗೆದಿಟ್ಟು, ಗಡಿಬಿಡಿಯಲ್ಲಿ ಮರೆತಿದ್ದಳಂತೆ. ಹೇಳುತ್ತಲೇ ಅವಳ ಕಣ್ಣು ಜಗಲಿಯ ಕಡೆ ಹೋಯಿತು. ಸಕ್ಕರೆಯ ಬಟ್ಟಲು ನೋಡಿದಳು.

ಎಂಜಲಾದದ್ದನ್ನು ದೇವರಿಗೆ ಹಿಡಿಯುವಂತಿಲ್ಲ. ಮೊದಲ ಸಿಹಿ ಎರಡನೇ ಸಲ ಮಾಡಲು ಬರುವುದಿಲ್ಲ. "ತಪ್ಪಾತವ್ವಾ, ತತ್ತಿ ಐತಿ ಅಂದ್ಕೊಂಡೆ" ಅಂದೆ. ನಾಚಿಕೆಯಿಂದ ಸತ್ತುಹೋಗುವಂತಾಗಿತ್ತು. ಅವಳು ಹೂಂ ಅಂದು ಬಸಿ ತೊಳೆಯಲು ಹೋದಳು.

ಎರಡು ವರ್ಷವಾಯಿತು. ಇಂದಿಗೂ ಅಂಗಡಿಯಿಂದ ಏನೇ ತರಲಿ, ಉಪ್ಪಿನ ಪಾಕೀಟೇ ಆಗಲಿ, ಒಡೆಯುವ ಮುಂಚೆ ನನ್ನೆದುರು ತಂದು ಹಿಡಿಯುತ್ತಾಳೆ. ಬೇಡವ್ವಾ ಅಂದರೂ ಕೈ ಇಳಿಸುವುದಿಲ್ಲ. ನೋಡಿದೆ, ಎನ್ನುತ್ತೇನೆ. ಆಮೇಲೆ ಒಡೆಯುತ್ತಾಳೆ.